ಬಿದ್ದ ಮೇಲಿನ ನಲವತ್ತು ಸೆಕೆಂಡು

ಮೊದಲು ಪ್ರೊಪೆಲ್ಲರು ಬಿಚ್ಚಬೇಕು.
ಸತ್ತಂತೆ ಬಿದ್ದಿರುವುದೂ ಬೆರಳು ಕಡಿಯಬಲ್ಲದು.

ಹಗಲೆಲ್ಲ ಕರ್ವೆ ರಸ್ತೆಯ ಲ್ಯಾಬಿನಲ್ಲಿ
ಯಾರ್ಯಾರದೋ ಬಾಯಿಗೆ ಹಲ್ಲು ಮಾಡುವ ಕೈ ಇದು.
ಅರ್ಧ ಕೂದಲೆಳೆ ಎತ್ತರವಾದರೂ
ದವಡೆ ಸಿಟ್ಟಾಗುತ್ತದೆ.
ರಾತ್ರಿ ಹತ್ತರ ಮೇಲೆ ಅದೇ ಚಿಮುಟ, ಅದೇ ಭೂತಗನ್ನಡಿ,
ಮೇಜಿನ ಮೇಲೆ ಅಂಗಾತ ಮಲಗಿದ
ನನ್ನ ಐದಿಂಚಿನ ಹುಚ್ಚು.

ಮುಂದಿನ ಬಲತೋಳು ಮುರಿದಿದೆ. ಕಾರ್ಬನ್ನು
ನೀರಿಗೆ ಬಿದ್ದ ಪಂಚಾಂಗದಂತೆ ಪದರ ಬಿಟ್ಟಿದೆ.
ಒಂದು ಮೋಟರನ್ನು ಬೆರಳಲ್ಲಿ ತಿರುಗಿಸಿದರೆ
ನಿದ್ದೆಯಲ್ಲಿ ಹಲ್ಲು ಕಡಿಯುವವರ ಸದ್ದು.
ಇನ್ನೊಂದರ ಮೂರು ವೈರು ಬೇರುಸಮೇತ ಕಿತ್ತು
ಬೋರ್ಡಿನ ತಾಮ್ರವನ್ನೂ ಎಳೆದುಕೊಂಡು ಬಂದಿವೆ.
ಒಸಡು ಬಿಟ್ಟ ಜಾಗ. ಅಲ್ಲಿ ಬೆಸುಗೆ ನಿಲ್ಲುವುದಿಲ್ಲ.

ವಾಘೋಲಿ. ಭಾನುವಾರ. ಕಲ್ಲಿನ ಕ್ವಾರಿಗೆ ರಜೆ.
ಕ್ರಷರಿನ ಎರಡು ಕಂಬದ ನಡುವೆ ಒಂದು ಗೇಟು,
ಕನ್ವೇಯರಿನ ಹೊಟ್ಟೆಯ ಕೆಳಗೆ ಇನ್ನೊಂದು.
ಚಿಂಚವಡದ ಹುಡುಗರಿಗಿಂತ ಮುಕ್ಕಾಲು ಸೆಕೆಂಡು
ಮುಂದಿದ್ದೆ. ಕಣ್ಣಿಗೆ ಗಾಗಲ್ಲು;
ಕುರ್ಚಿಯಲ್ಲಿ ಇದ್ದದ್ದು ಕುತ್ತಿಗೆಯವರೆಗಿನ ನಾನು,
ಉಳಿದದ್ದು ಗಂಟೆಗೆ ನೂರಿಪ್ಪತ್ತರಲ್ಲಿ.
ಜೋತುಬಿದ್ದ ಒಂದು ಕೇಬಲ್ಲು.
ಆಕಾಶ ಕಲ್ಲು ಆಕಾಶ ಕಲ್ಲು
ಕಲ್ಲು.

ಕ್ಯಾಮೆರಾ ಮಾತ್ರ ಸಾಯಲಿಲ್ಲ.
ಗಾಗಲ್ಲಿನ ಕಾರ್ಡಿನಲ್ಲಿ ಉಳಿದಿದೆ,
ಆಮೇಲಿನ ನಲವತ್ತು ಸೆಕೆಂಡು:
ತಲೆಕೆಳಗಾದ ಜಲ್ಲಿ, ಅದರ ಮೇಲೊಂದು ಇರುವೆ
(ಇಷ್ಟು ನಿಧಾನವಾದದ್ದನ್ನು ಅದು ಎಂದೂ ನೋಡಿರಲಿಲ್ಲ),
ಬಿರಿದ ಹಿಮ್ಮಡಿ, ಎರಡು ಬಣ್ಣದ ಚಪ್ಪಲಿ,
ಮಂಜಿನ ಗೆರೆಗಳ ನಡುವೆ ಬಗ್ಗಿದ ಒಂದು ಮುಖ.
ತುಟಿ ಆಡುತ್ತಿದೆ. ಸದ್ದಿಲ್ಲ.
ಆಮೇಲೆ ಅವಳು ಎತ್ತಿ ತಿರುಗಿಸಿದ್ದಕ್ಕೆ
ದೂರದಲ್ಲಿ ನಾನು:
ಕಣ್ಣು ಕಟ್ಟಿಕೊಂಡು, ಕತ್ತು ಹಿಂದಕ್ಕೆ, ಬಾಯಿ ತೆರೆದು
ಕುರ್ಚಿಯಲ್ಲಿ ಕಾಯುತ್ತ ಕೂತ ನಡುವಯಸ್ಸಿನ ಹೆಂಗಸು.
ಥೇಟ್ ಯಾವುದೋ ದವಾಖಾನೆಯ ರೋಗಿ.

ರೆಕ್ಕೆ ಒತ್ತಿಹಿಡಿದ ಕೋಳಿಯಂತೆ ಹಿಡಿದು ತಂದಳು.
ಮರಾಠಿಯಲ್ಲಿ ಶುರುಮಾಡಿದವಳು, ಬೀಪರು ಕೂಗಿದ್ದೇ
ತನ್ನಷ್ಟಕ್ಕೆ ತಾನೇ ಅಂದಳು:
‘ಇನ್ನಾ ಜೀವ ಐತಿ ಇದಕ. ಕುಂಯ್ ಅಂತೈತಿ ನೋಡು.’
ಯಾವೂರವ್ವಾ, ಅಂದೆ.
ಸುರಪುರದ ಕಡೀ. ಹೆಸರು ಸಾಬಮ್ಮ.
ನಾನೂ ಕನ್ನಡವೆಂದು ತಿಳಿದ ಮೇಲೆ
ಒಂದೂ ಮಾತಾಡಲಿಲ್ಲ. ನಾಚಿ ಓಡಿದಳು.

ತಪಕೀರ್ ಗಲ್ಲಿಯ ಛಾಜೇಡ್ ಕನ್ನಡಕ ಏರಿಸಿ
‘ಪುನ್ಹಾ?’ ಅಂದ.
ನಾಲ್ಕು ಸೆಲ್ಲಿನ ಕಾಲ ಮುಗಿಯಿತು, ಆರು ಹಾಕು,
ತೋಳು ದಪ್ಪದ್ದು ತಗೋ, ಮೋಟರೂ ಬದಲಿಸು,
ಈ ಮಂಜುಮಂಜು ಚಿತ್ರ ಯಾರು ನೋಡುತ್ತಾರೆ ಈಗ,
ಡಿಜಿಟಲ್ಲು ಹಾಕು, ಜಲ್ಲಿ ಎಣಿಸಬಹುದು.
ಎರಡು ತಿಂಗಳ ಓವರ್‌ಟೈಮು ಎಣಿಸಿ ಕೊಟ್ಟೆ.
ಚೀಲ ಅಂಗೈಯಷ್ಟೂ ಇರಲಿಲ್ಲ.

ತೋಳಿನ ಅಂಚನ್ನು ಒದ್ದೆಮಾಡಿ ಉಜ್ಜಿದೆ,
ಕರೀ ಧೂಳು ಎದೆಗೆ ಹೋಗದಂತೆ.
ಫ್ಲಕ್ಸಿನ ಹೊಗೆ, ಸೀಸದ ಹನಿ, ಹೊಳಪು.
ಒಂದು ತಪ್ಪಿತು, ಕಿತ್ತು ಮತ್ತೆ ಹಾಕಿದೆ.
ಹಳೆಯ ಕ್ಯಾಮೆರಾ ಎಸೆಯಲಾಗದೆ
ಲ್ಯಾಬಿನಿಂದ ತಂದ ಪ್ಲಾಸ್ಟರಿನ ದವಡೆಯೊಂದರ
ನಾಲಗೆಯ ಜಾಗದಲ್ಲಿ ಇಟ್ಟೆ.

ಕೊನೆಗೆ ಬ್ಯಾಟರಿ. ನೇರ ಕೊಡುವ ಧೈರ್ಯವಿಲ್ಲ;
ನಡುವೆ ರಿಕ್ಷಾದ ಹಳೇ ಹೆಡ್‌ಲೈಟಿನ ಬಲ್ಬು.
ಎಲ್ಲೋ ವೈರು ವೈರಿಗೆ ತಾಗಿದ್ದರೆ ಅದು ಉರಿಯುತ್ತಲೇ ಇರುತ್ತದೆ,
ಸರಿಯಿದ್ದರೆ ಮಿನುಗಿ ಆರಬೇಕು.
ಆರು ಎನ್ನಬಾರದು, ದೀಪಕ್ಕೆ
ದೊಡ್ಡದಾಗು ಎನ್ನಬೇಕು ಅನ್ನುತ್ತಿದ್ದಳು ಅಜ್ಜಿ.
ಬೆರಳು ನಡುಗಿತು. ಪ್ಲಗ್ಗು ಒತ್ತಿದೆ.

ಗೋಡೆಯ ಮೇಲೆ ಒಂದು ಕ್ಷಣ ನನ್ನ ಕೈಯ ನೆರಳು.
ದೊಡ್ಡದಾಯಿತು.
ಕತ್ತಲಲ್ಲಿ ನಾಲ್ಕು ಹೊಸ ಮೋಟರು ಸ್ವರ ಕೂಡಿಸಿಕೊಂಡವು,
ಅವುಗಳ ಹಿಂದೆ, ನಾನು ಬದಲಿಸದೆ ಬಿಟ್ಟ
ಆ ಹಳೇ ಬೀಪರು:
ಕುಂಯ್.